ಯಾಕಮ್ಮನೂ ಅವಸರದ ಕುಕ್ಕರೂ

ಅವಳಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಬೀದಿಯವರ ಬಾಯಲ್ಲಿ, ಮನೆಯವರ ಬಾಯಲ್ಲಿ, ಕೊನೆಗೆ ಬಟ್ಟೆ ಹೊಲಿಸಲು ಬರುವ ಗಿರಾಕಿಗಳ ಬಾಯಲ್ಲೂ ಅವಳು ಯಾಕಮ್ಮ. ಎಲ್ಲ ಮಕ್ಕಳೂ ತೊದಲು ಮಾತು ಕಲಿಯುವಾಗ ಅಮ್ಮ ಎಂದೋ ಅಪ್ಪ ಎಂದೋ ಶುರು ಮಾಡಿದರೆ ಇವಳು ‘ಯಾಕೆ?’ ಎಂದೇ ಬಾಯಿ ಬಿಟ್ಟಳೆಂದು ಅವಳ ಅಜ್ಜಿ ಹೇಳುತ್ತಿದ್ದಳಂತೆ. ಅಜ್ಜಿಯ ಮಾತಿಗೆ ಸ್ವಲ್ಪ ಉಪ್ಪುಖಾರ ಸೇರಿರಬಹುದು. ಆದರೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಹೊಸ ಫ್ರಾಕಿನ ಅಂಚನ್ನು ಪೂರ್ತಿ ಬಿಚ್ಚಿಹಾಕಿ ಅಮ್ಮನ ಕೈಯಲ್ಲಿ ಪೆಟ್ಟು ತಿಂದದ್ದು ಸುಳ್ಳಲ್ಲ. ಒಂದು ತುದಿಯ ನೂಲು ಎಳೆದರೆ ಇಡೀ ಹೊಲಿಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ, ಇನ್ನೊಂದು ತುದಿಯ ನೂಲು ಎಳೆದರೆ ಗಂಟಾಗಿ ನಿಲ್ಲುತ್ತದೆ, ಯಾಕೆ? ಪೆಟ್ಟು ತಿನ್ನುತ್ತಲೇ ಅದನ್ನು ಕೇಳಿದ್ದಳಂತೆ.

ಅಮ್ಮನಿಗೆ ಉತ್ತರ ಗೊತ್ತಿರಲಿಲ್ಲ. ಮಗಳು ಉತ್ತರ ಹುಡುಕುತ್ತ ಹುಡುಕುತ್ತ ಹೊಲಿಗೆಯವಳಾದಳು. ಹೊಲಿಗೆ ಕಲಿಸುವ ಮನೆಗೆ ಸೇರಿದ ಹೊಸತರಲ್ಲಿ ಉಳಿದವರೆಲ್ಲ ಗೆರೆ ನೇರವಾಗಿ ಬಂದರೆ ಸಾಕೆಂದು ಪೆಡಲ್ ತುಳಿಯುತ್ತಿದ್ದರೆ, ಇವಳು ಮಿಷನ್ನಿನ ಕೆಳಗಿನ ತಗಡು ಸರಿಸಿ ಕೂತು, ಚಕ್ರವನ್ನು ಕೈಯಿಂದಲೇ ಇಷ್ಟಿಷ್ಟೇ ತಿರುಗಿಸುತ್ತ, ಮೇಲಿನಿಂದ ಇಳಿದ ನೂಲಿನ ಕುಣಿಕೆಯನ್ನು ಕೆಳಗಿನ ಕೊಕ್ಕೆ ಹೇಗೆ ಹಿಡಿಯುತ್ತದೆ ಎಂದು ನೋಡುತ್ತಿದ್ದಳು. ಕಲಿಸುವವರು ಬೈದರು. ಆದರೆ ಮುಂದೆ ಅಲ್ಲಿನ ಯಾವ ಮಿಷನ್ ನೂಲು ತುಂಡರಿಸಿದರೂ ‘ಆ ಯಾಕಮ್ಮನ್ನ ಕರೀರಿ’ ಎನ್ನುವಂತಾಯಿತು. ಎಂಥದ್ದೇ ಯಂತ್ರವಿರಲಿ, ನಿಧಾನಕ್ಕೆ ತಿರುಗಿಸಿ ನೋಡಿದರೆ ಅದು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ ಎಂಬ ನಂಬಿಕೆ ಅವಳಲ್ಲಿ ಆಗಲೇ ಬೇರೂರಿತ್ತು.

ಮದುವೆಯಾಗಿ ಬಂದದ್ದು ಬಸ್ ಡ್ರೈವರನ ಮನೆಗೆ. ಗಂಡ ಒಳ್ಳೆಯವನು, ಮಾತು ಕಡಿಮೆ, ಪ್ರಶ್ನೆ ಅದಕ್ಕಿಂತ ಕಡಿಮೆ. ಬಸ್ಸು ಕೆಟ್ಟರೆ ಡಿಪೋಗೆ ಬಿಡಬೇಕು, ಹಲ್ಲು ಕೆಟ್ಟರೆ ಡಾಕ್ಟರಿಗೆ ಬಿಡಬೇಕು, ನಮ್ಮದಲ್ಲದ ಕೆಲಸಕ್ಕೆ ಕೈ ಹಾಕಬಾರದು ಎನ್ನುವುದು ಅವನ ಲೋಕನೀತಿ. ಆ ಮನೆಯಲ್ಲಿ ಯಾಕಮ್ಮನ ಪ್ರಶ್ನೆಗಳಿಗೆ ಕಿವಿ ಕೊಟ್ಟವರು ಮಾವ.

ಮಾವ ಜೀವಮಾನವೆಲ್ಲ ಬೇಕರಿಯಲ್ಲಿ ದುಡಿದವರು. ಒಲೆಯ ಬಾಯಿಗೆ ಕೈ ಹಿಡಿದು ಕಾವು ಸಾಕೋ ಸಾಲದೋ ಹೇಳುವರು. ಬ್ರೆಡ್ಡನ್ನು ತಿರುಗಿಸಿ ತಳಕ್ಕೆ ಬೆರಳಿನಿಂದ ತಟ್ಟಿ, ದನಿ ಕೇಳಿ ‘ಇನ್ನೊಂದು ಚೂರು ಬೇಯಲಿ’ ಎನ್ನುವರು. ವಯಸ್ಸಾದ ಮೇಲೆ ಕಣ್ಣಿನ ಬೆಳಕು ಇಳಿಯುತ್ತ ಬಂತು. ಕಿಟಕಿ ಎಲ್ಲಿದೆ ಎನ್ನುವುದು ಗೊತ್ತಾಗುತ್ತಿತ್ತೇ ಹೊರತು ಎದುರಿಗೆ ನಿಂತವರ ಮುಖ ಗೊತ್ತಾಗುತ್ತಿರಲಿಲ್ಲ. ಚಾಕು ಹಿಡಿಯುವುದು, ಒಲೆ ಹಚ್ಚುವುದು ಒಂದೊಂದಾಗಿ ನಿಂತವು. ಅತ್ತೆ ತೀರಿಕೊಂಡ ಮೇಲಂತೂ ಕೈಗೆ ಕೆಲಸವಿಲ್ಲದೆ ಕುರ್ಚಿಯ ಹಿಡಿಯನ್ನು ಸವರುತ್ತ ಕೂರುತ್ತಿದ್ದರು. ಕೊನೆಗೆ ಅವರಿಗೆಂದು ಮನೆಯಲ್ಲಿ ಉಳಿದ ಕೆಲಸ ಒಂದೇ: ಮಧ್ಯಾಹ್ನದ ಅನ್ನ.

ಅದಕ್ಕೆ ಇದ್ದದ್ದು ಹಳೆಯ ಕರೆಂಟಿನ ರೈಸ್ ಕುಕ್ಕರ್. ಡುಮ್ಮನೆಯ ಬಿಳಿ ಮೈ, ಒಳಗೊಂದು ಅಲ್ಯೂಮಿನಿಯಂ ಪಾತ್ರೆ, ಮುಂದೆ ಕೆಳಕ್ಕೆ ಒತ್ತುವ ಒಂದೇ ಒಂದು ಸ್ವಿಚ್ಚು. ಮಾವ ಅಕ್ಕಿ ತೊಳೆದು ಪಾತ್ರೆಗೆ ಹಾಕಿ, ಬೆರಳಿನ ತುದಿಯನ್ನು ಅಕ್ಕಿಯ ಮೇಲೆ ಊರಿ, ನೀರು ಮೊದಲ ಗೆಣ್ಣಿಗೆ ಬರುವ ತನಕ ಸುರಿಯುವರು. ಮುಚ್ಚಳ ಮುಚ್ಚಿ ಸ್ವಿಚ್ಚು ಒತ್ತುವರು. ಆಮೇಲೆ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕಿವಿಗೊಟ್ಟು ಕೂರುವರು. ಮೊದಲು ಗುಸುಗುಸು, ಆಮೇಲೆ ಕೊತಕೊತ, ಆಮೇಲೆ ಮುಚ್ಚಳದ ಕುಣಿತ, ಕೊನೆಗೆ ‘ಟಕ್’. ಆ ಟಕ್ ಎಂಬ ದನಿ ಬಂದ ಕೂಡಲೇ ಮುಂದಿನ ಕೋಣೆಯಲ್ಲಿ ಹೊಲಿಯುತ್ತಿದ್ದ ಸೊಸೆಗೆ ಕೂಗಿ ಹೇಳುವರು: “ಯಾಕಮ್ಮಾ, ಅನ್ನ ಆಯ್ತು!” ಗೆದ್ದವರ ದನಿ ಅದು.

ಹೀಗಿರುವಾಗ ಒಂದು ದಿನ ಅನ್ನ ಕಚಕಚ ಎಂದಿತು. ಮೇಲೆ ಮೆತ್ತಗೆ, ನಡುವೆ ಅಕ್ಕಿ. ಯಾಕಮ್ಮ ಏನೂ ಅನ್ನದೆ ಉಂಡಳು. ಮರುದಿನ ಮಾವ ನೀರು ಹೆಚ್ಚಿಗೆ ಹಾಕಿದರು. ಗಂಜಿಯೊಳಗೆ ಕಲ್ಲು ಬಿದ್ದಂತೆ ಆಯಿತು. ಅದರ ಮರುದಿನ ಅಕ್ಕಿ ನೆನೆಹಾಕಿ ನೋಡಿದರು. ಅದೇ ಕಥೆ. ಬಾಯಲ್ಲಿ ಹಾಕಿಕೊಂಡ ತುತ್ತನ್ನು ಬಹಳ ಹೊತ್ತು ಅಗಿದು ನುಂಗಿ, ಅವರು ಮೆಲ್ಲಗೆ ಹೇಳಿದರು:

“ನಾಳೆಯಿಂದ ನೀನೇ ಮಾಡ್ಬಿಡಮ್ಮ. ನನ್ನ ಕೈ ಅಳತೆ ಮರೀತಾ ಇದೆ.”

“ಕೈ ಯಾಕೆ ಮರೆಯುತ್ತೆ ಮಾವ? ಕುಕ್ಕರೇ ಕೆಟ್ಟಿರಬಹುದಲ್ಲ?”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಷ್ಟು ವರ್ಷ ಒಲೆ ಮುಂದೆ ನಿಂತವನು ನಾನು, ತಪ್ಪನ್ನ ಪಾಪ ಆ ಕುಕ್ಕರ್ ತಲೆಗೆ ಕಟ್ಟಲಾ?” ಎಂದು ನಕ್ಕರು. ಆ ನಗು ಯಾಕಮ್ಮನಿಗೆ ಹಿಡಿಸಲಿಲ್ಲ. ಅದು ಸೋತವರು ಮುಚ್ಚಿಡುವ ನಗು.

ಮರುದಿನ ಅವಳೇ ಅಕ್ಕಿ ಅಳೆದಳು. ಲೋಟದಲ್ಲಿ ಅಕ್ಕಿ, ಅದೇ ಲೋಟದಲ್ಲಿ ನೀರು, ಎರಡನ್ನೂ ಕಣ್ಣಿಟ್ಟು ನೋಡಿ ಎಳ್ಳಷ್ಟೂ ಆಚೀಚೆ ಆಗದಂತೆ ಹಾಕಿ ಸ್ವಿಚ್ಚು ಒತ್ತಿದಳು. ಕುಕ್ಕರ್ ಗುಸುಗುಟ್ಟಿತು, ಕೊತಗುಟ್ಟಿತು, ಮುಚ್ಚಳ ಇನ್ನೇನು ಕುಣಿಯಬೇಕು ಎನ್ನುವಷ್ಟರಲ್ಲಿ ‘ಟಕ್’. ಮುಚ್ಚಳ ತೆಗೆದರೆ ನೀರು ಇನ್ನೂ ಅಕ್ಕಿಯ ಮೇಲೆ ನಿಂತಿದೆ. ಅನ್ನಕ್ಕೆ ಒಂದಗುಳು ಸಾಕು ಎನ್ನುತ್ತಾರೆ. ಅವಳು ಒಂದಗುಳನ್ನು ಹಿಸುಕಿ ನೋಡಿದಳು. ನಡುವೆ ಬಿಳಿಯ ಗಟ್ಟಿ ಚುಕ್ಕೆ.

“ಮಾವ, ಅಳತೆ ನನ್ನದು, ಕೈ ನನ್ನದು, ಆದ್ರೂ ಬೆಂದಿಲ್ಲ. ಈ ಸಲ ನೆಲವೇ ಡೊಂಕು!”

ಮಾವ ಸ್ಟೂಲಿನ ಮೇಲೆ ನೆಟ್ಟಗಾದರು. “ಹಾಗಾದ್ರೆ ನಾನಲ್ಲ?”

“ನೀವಲ್ಲ.”

“ಹಾಗಾದ್ರೆ ಆ ಟಕ್ ಬೇಗ ಬರ್ತಿರೋದು ನಿಜ. ನನಗೂ ಅನ್ನಿಸ್ತಿತ್ತು. ಆದ್ರೆ ಕಣ್ಣಿನ ಹಾಗೆ ಕಿವೀನೂ ಕೈಕೊಡ್ತಿದೆಯೇನೋ ಅಂತ ಸುಮ್ಮನಿದ್ದೆ ನೋಡು.”

ಸಂಜೆ ಈ ಸುದ್ದಿ ನಾದಿನಿಯ ಕಿವಿಗೆ ಬಿತ್ತು. ನಾದಿನಿ ಎರಡು ಬೀದಿ ಆಚೆ ಇದ್ದವಳು; ಅಪ್ಪನ ಮೇಲೆ ಜೀವ, ಮಾತಿಗೆ ಬ್ರೇಕಿಲ್ಲ. ಮರುದಿನ ಬೆಳಗ್ಗೆಯೇ ದೊಡ್ಡ ಡಬ್ಬ ಹೊತ್ತುಕೊಂಡು ಬಂದಳು.

“ಅತ್ತಿಗೆ, ಆ ಹಳೇ ಡಬ್ಬಾನ ಗುಜರಿಗೆ ಹಾಕು. ಅಪ್ಪನಿಗೆ ಅಂತ ಹೊಸದೇ ತಂದಿದ್ದೀನಿ. ಇದು ಎಲ್ಲಾನೂ ತಾನೇ ಮಾಡುತ್ತೆ. ಅನ್ನ, ಗಂಜಿ, ಕೇಕು, ಎಲ್ಲಾ!”

ಹೊಸ ಕುಕ್ಕರ್ ನೋಡಲು ಬಲು ಚಂದ. ಮುಂದೆ ಕಪ್ಪು ಗಾಜು. ಗಾಜಿನ ಮೇಲೆ ಮುಟ್ಟಿದರೆ ಅಕ್ಷರಗಳು ಬೆಳಗುತ್ತಿದ್ದವು. ಯಾಕಮ್ಮನಿಗೂ ಅದರೊಳಗೆ ಏನಿರಬಹುದೆಂಬ ಆಸೆ ಹುಟ್ಟದೆ ಇರಲಿಲ್ಲ. ಆದರೆ ಮಾವ ಮುಂದೆ ಬಂದು ಕೈ ಚಾಚಿದಾಗ ಅವಳು ಅವರ ಬೆರಳುಗಳನ್ನೇ ನೋಡಿದಳು. ಬೆರಳು ಗಾಜಿನ ಮೇಲೆ ಜಾರಿತು. ಒತ್ತಲು ಏನೂ ಇಲ್ಲ, ಹಿಡಿಯಲು ಏನೂ ಇಲ್ಲ. ಎಲ್ಲಿ ಮುಟ್ಟಿದರೂ ಒಂದೇ ನುಣುಪು, ಒಂದೇ ‘ಪೀಂಪ್’.

“ಈಗ ಏನು ಒತ್ತಿದೆ ನಾನು?” ಎಂದು ಮಾವ ಕೇಳಿದರು.

“ಕೇಕು ಒತ್ತಿದೆ ಅಪ್ಪ. ಪರವಾಗಿಲ್ಲ, ಬಲಗಡೆ ಮೇಲೆ... ಅಲ್ಲಲ್ಲ, ಅದು ಗಂಜಿ. ಸ್ವಲ್ಪ ಕೆಳಗೆ...”

ಪೀಂಪ್. ಪೀಂಪ್. ಪೀಂಪ್.

“ಬಹಳ ಚೆನ್ನಾಗಿದೆ ಮಗಳೇ” ಎಂದು ಮಾವ ಕೈಯನ್ನು ಹಿಂದಕ್ಕೆಳೆದುಕೊಂಡು ಮಡಿಲಲ್ಲಿಟ್ಟುಕೊಂಡರು. ಅದು ಬೇಡ ಎಂದು ಅವರು ಒಂದು ಮಾತೂ ಆಡಲಿಲ್ಲ. ಮಗಳ ಮನಸ್ಸು ನೋಯಿಸುವ ಜಾಯಮಾನ ಅವರದಲ್ಲ. ಆದರೆ ಆ ಮಧ್ಯಾಹ್ನ ಅವರು ಸ್ಟೂಲಿಗೆ ಬರಲಿಲ್ಲ. ಮತ್ತೆ ಕುರ್ಚಿಯ ಹಿಡಿ ಸವರುತ್ತ ಕೂತರು. ಯಾಕಮ್ಮ ಹಳೆಯ ಕುಕ್ಕರನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಬೀದಿಯ ತುದಿಯಲ್ಲಿ ರಿಪೇರಿ ಅಂಗಡಿ. ಅಂಗಡಿಯವನನ್ನು ಎಲ್ಲರೂ ಫ್ಯಾನಿನವನು ಎನ್ನುತ್ತಿದ್ದರು, ಯಾಕೆಂದರೆ ಅವನ ತಲೆಯ ಮೇಲೆ, ಹಿಂದೆ, ಪಕ್ಕದಲ್ಲಿ ಬರೀ ರೆಕ್ಕೆ ಕಳಚಿದ ಫ್ಯಾನುಗಳೇ. ವಿಚಿತ್ರವೆಂದರೆ ಅವನಿಗೆ ಗಾಳಿ ಬೀಸುವ ಫ್ಯಾನು ಮಾತ್ರ ಒಂದೂ ಇರಲಿಲ್ಲ. ಬೆವರು ಒರೆಸಿಕೊಳ್ಳುತ್ತ ಅವನು ಕುಕ್ಕರನ್ನು ತಿರುಗಿಸಿ ನೋಡಿದ.

“ಇದರ ಸಾಮಾನು ಈಗ ಸಿಗೋದು ಕಷ್ಟ ಅಕ್ಕ. ಮುಂದಿನ ವಾರ ತನ್ನಿ, ನೋಡೋಣ. ಸೀಸನ್ನು, ಫ್ಯಾನಿನ ಕೆಲಸವೇ ಕುತ್ತಿಗೆವರೆಗೆ ಬಂದಿದೆ.”

“ಇಟ್ಕೊಳ್ಳೋದು ಬೇಡಣ್ಣ. ಒಂದು ಮಾತು ಹೇಳು ಸಾಕು. ಅನ್ನ ಆಯ್ತು ಅಂತ ಇದಕ್ಕೆ ಹೇಗೆ ಗೊತ್ತಾಗುತ್ತೆ? ಗಡಿಯಾರ ಇದೆಯಾ ಒಳಗೆ?”

ಫ್ಯಾನಿನವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ನಕ್ಕ. “ಎಷ್ಟೋ ಕುಕ್ಕರ್ ಬಂದಿವೆ, ಯಾವಾಗ ಕೊಡ್ತೀರಿ ಅಂತ ಕೇಳ್ತಾರೆ. ಹೀಗೆ ಕೇಳಿದವರು ನೀವೇ ಮೊದಲು.” ಆಮೇಲೆ ಕೆಲಸ ಬದಿಗಿಟ್ಟು ಪಾತ್ರೆ ಹೊರತೆಗೆದು ಒಳಗೆ ತೋರಿಸಿದ. ಬಿಸಿಯಾಗುವ ದುಂಡು ತಟ್ಟೆ. ತಟ್ಟೆಯ ನಡುವೆ ಬೇರೆಯೇ ಒಂದು ಪುಟ್ಟ ಗುಂಡಿ. “ಗಡಿಯಾರ ಪಡಿಯಾರ ಏನಿಲ್ಲ. ಈ ಗುಂಡಿ ಕೆಳಗೆ ಆಯಸ್ಕಾಂತ ಇದೆ. ನೀವು ಸ್ವಿಚ್ಚು ಒತ್ತಿದಾಗ ಅದು ಹೋಗಿ ಮೇಲಿರೋ ಬಿಲ್ಲೆಗೆ ಕಚ್ಕೊಳ್ಳುತ್ತೆ. ಆ ಬಿಲ್ಲೆ ನೀರು ಕುದಿಯೋ ಬಿಸಿಗಿಂತ ಸ್ವಲ್ಪ ಹೆಚ್ಚು ಬಿಸಿ ಆಯ್ತು ಅನ್ನಿ, ಹಿಡಿತ ಬಿಟ್ಟುಹೋಗುತ್ತೆ. ಸ್ಪ್ರಿಂಗು ಎಳೆಯುತ್ತೆ. ಟಕ್. ಅಷ್ಟೇ.”

“ಬಿಸಿ ಆದ್ರೆ ಆಯಸ್ಕಾಂತ ಯಾಕೆ ಹಿಡಿತ ಬಿಡುತ್ತೆ?”

“ಅದು ನನಗೂ ಗೊತ್ತಿಲ್ಲಕ್ಕ. ಬಿಡುತ್ತೆ ಅನ್ನೋದು ಗೊತ್ತು” ಎಂದು ಅವನು ಪ್ರಾಮಾಣಿಕವಾಗಿ ಒಪ್ಪಿಕೊಂಡ. “ಒಂದು ಕೆಲಸ ಮಾಡಿ. ಬಿಚ್ಚೋ ಮೊದಲು ಮೇಲಿಂದ ಚೆನ್ನಾಗಿ ನೋಡಿ. ಅರ್ಧ ರೋಗ ಮೇಲೇ ಕಾಣುತ್ತೆ. ಮತ್ತೆ ಬಿಚ್ಚೋದೇ ಆದ್ರೆ ಮೊದಲು ಪ್ಲಗ್ ಕೀಳಿ. ಸ್ವಿಚ್ಚು ಆಫ್ ಮಾಡಿದ್ರೆ ಸಾಲದು, ಪ್ಲಗ್ಗೇ ಕೀಳಬೇಕು.”

ಯಾಕಮ್ಮ ದಾರಿಯುದ್ದಕ್ಕೂ ಆ ಬಿಲ್ಲೆಯನ್ನೇ ಯೋಚಿಸುತ್ತ ಬಂದಳು. ಕುದಿಯುವ ಬಿಸಿಗಿಂತ ಸ್ವಲ್ಪ ಹೆಚ್ಚು. ಸರಿ. ಆದರೆ ತಟ್ಟೆ ಒಂದೇ ಸಮನೆ ಕಾಯುತ್ತಲೇ ಇರುತ್ತದಲ್ಲ? ಅನ್ನ ಬೇಯುವ ತನಕ ಆ ಬಿಲ್ಲೆಗೆ ಬಿಸಿ ಏರದಂತೆ ತಡೆಯುವವರು ಯಾರು? ಎದುರಿಗೆ ಬಂದ ಸೈಕಲ್ಲಿನವನು ಬೆಲ್ ಹೊಡೆದು ಹೊಡೆದು ಸುಸ್ತಾಗಿ ತಾನೇ ಪಕ್ಕಕ್ಕೆ ಸರಿದು ಹೋದ.

ಮನೆಗೆ ಬಂದವಳೇ ಮಾವನ ಎದುರು ಕೂತು ಎಲ್ಲ ಒಪ್ಪಿಸಿದಳು. ಮಾವ ಕಣ್ಣು ಮುಚ್ಚಿಕೊಂಡು ಕೇಳಿದರು.

“ತಡೆಯೋದು ನೀರಮ್ಮ” ಎಂದರು ಕೊನೆಗೆ. “ಬೇಕರೀಲಿ ಮೊಟ್ಟೆ ಪುಡ್ಡಿಂಗ್ ಮಾಡುವಾಗ ಅಚ್ಚನ್ನ ನೀರು ತುಂಬಿದ ಟ್ರೇ ಒಳಗೆ ಇಡ್ತಿದ್ವಿ. ಒಲೆ ಎಷ್ಟಾದ್ರೂ ಉರೀಲಿ, ಟ್ರೇಲಿ ನೀರಿರೋ ತನಕ ಪುಡ್ಡಿಂಗಿನ ಅಂಚು ಸೀಯ್ತಿರಲಿಲ್ಲ. ಒಂದು ಸಲ ನೀರು ಹಾಕೋದು ಮರೆತು ಮಾತಾಡ್ತಾ ನಿಂತೆ ನೋಡು, ಅಷ್ಟೂ ಇದ್ದಿಲು. ನೀರು ಕುದಿಯೋದಕ್ಕಿಂತ ಮೇಲೆ ಬಿಸಿ ಏರೋಕೆ ಬಿಡಲ್ಲ. ತಾನು ಆವಿ ಆಗಿ ಹೋಗುತ್ತೆ, ಆದ್ರೆ ಬಿಡಲ್ಲ.”

ಯಾಕಮ್ಮ ತೊಡೆ ತಟ್ಟಿಕೊಂಡಳು. “ಅಂದ್ರೆ ಪಾತ್ರೇಲಿ ನೀರಿರೋ ತನಕ ತಳ ಕುದಿಯೋ ಬಿಸಿ ದಾಟಲ್ಲ. ಅಕ್ಕಿ ನೀರನ್ನೆಲ್ಲ ಕುಡಿದು ಮುಗಿಸಿದ ಕೂಡಲೇ ತಳ ಇನ್ನಷ್ಟು ಬಿಸಿ ಆಗುತ್ತೆ. ಆಗ ಟಕ್! ಮಾವ, ಇದಕ್ಕೆ ಅನ್ನ ಆಯ್ತು ಅನ್ನೋದು ಗೊತ್ತೇ ಇಲ್ಲ. ನೀರು ಮುಗೀತು ಅನ್ನೋದು ಮಾತ್ರ ಗೊತ್ತು!”

“ಅಯ್ಯೋ ಕಳ್ಳ!” ಎಂದರು ಮಾವ, ತುಂಬಾ ಹಳೆಯ ಗೆಳೆಯನ ಗುಟ್ಟೊಂದು ಬಯಲಾದಂತೆ. “ಹಾಗಾದ್ರೆ ಈಗ ನೀರಿರುವಾಗಲೇ ಮುಗೀತು ಅಂತ ಯಾಕೆ ಅಂದ್ಕೊಳ್ತಿದೆ?”

ಅದೇ ಪ್ರಶ್ನೆ. ಇಬ್ಬರೂ ಅಡುಗೆಮನೆಗೆ ಹೋದರು. ಮಾವ ತಾವಾಗಿಯೇ ಸ್ಟೂಲಿನ ಮೇಲೆ ಕೂತರು. ಯಾಕಮ್ಮ ಅಕ್ಕಿ ಹಾಕದೆ ಬರೀ ನೀರು ಹಾಕಿ ಸ್ವಿಚ್ಚು ಒತ್ತಿದಳು. ನೀರಿರುವ ತನಕ ಸ್ವಿಚ್ಚು ಬೀಳಬಾರದು. ಆದರೆ ನೀರು ತಳದಲ್ಲಿ ಸಣ್ಣ ಗುಳ್ಳೆ ಕಟ್ಟಿಕೊಂಡು ಒಂದು ಪಕ್ಕದಲ್ಲಿ ಮಾತ್ರ ಕುದಿಯತೊಡಗಿ, ಇನ್ನೊಂದು ಪಕ್ಕ ಸುಮ್ಮನಿರುವಾಗಲೇ ‘ಟಕ್’. ಪಾತ್ರೆ ತುಂಬ ನೀರು!

“ಒಂದೇ ಪಕ್ಕ ಕುದೀತಿದೆ” ಎಂದಳು ಯಾಕಮ್ಮ. “ಯಾಕೆ?”

ತಟ್ಟೆ ಆರಿದ ಮೇಲೆ ಅವಳು ಮುಂದಿನ ಕೋಣೆಗೆ ಹೋಗಿ ಬಟ್ಟೆಯ ಮೇಲೆ ಗುರುತು ಹಾಕುವ ನೀಲಿ ಸೀಮೆಸುಣ್ಣ ತಂದಳು. ತೋಳಿನ ಅಳತೆ ಸರಿ ಕೂರದಿದ್ದರೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ನೋಡಲು ಅವಳು ಒಳಗಡೆಯಿಂದ ಸುಣ್ಣ ಸವರಿ ತೊಡಿಸುವುದುಂಟು. ಬಿಗಿ ಇರುವ ಕಡೆ ಗುರುತು ಬೀಳುತ್ತದೆ. ಅದೇ ಉಪಾಯ ಇಲ್ಲಿ. ಪಾತ್ರೆಯ ಹೊರತಳವನ್ನು ಒಣಗಿಸಿ, ಪೂರ್ತಿ ಸುಣ್ಣ ಉಜ್ಜಿ, ಕುಕ್ಕರಿನೊಳಗೆ ಇಟ್ಟು, ಎರಡೂ ಕೈಯಿಂದ ಸ್ವಲ್ಪ ತಿರುಗಿಸಿ ಹೊರತೆಗೆದಳು. ಸರಿಯಿದ್ದರೆ ತಟ್ಟೆಯೆಲ್ಲ ನೀಲಿಯಾಗಬೇಕಿತ್ತು. ಆದದ್ದು ಒಂದಂಚಿನಲ್ಲಿ ಕತ್ತರಿಸಿದ ಉಗುರಿನಂಥ ನೀಲಿ ಗೆರೆ ಮಾತ್ರ. ನಡುವಿನ ಗುಂಡಿಯ ಮೇಲೆ ನೀಲಿಯ ಸುಳಿವೇ ಇಲ್ಲ.

“ಪಾತ್ರೆ ಗುಂಡೀನ ಮುಟ್ಟೇ ಇಲ್ಲ ಮಾವ! ಪಾತ್ರೆ ಮಾತು ಕೇಳ್ಬೇಕಾದ ಗುಂಡಿ ಒಲೆ ಮಾತು ಕೇಳ್ತಾ ಕೂತಿದೆ. ಒಲೆ ಕಾದ ಕೂಡಲೇ ನೀರು ಮುಗೀತು ಅಂತ ಎದ್ದು ಬಿಡ್ತಿದೆ.”

“ನಾನು ನೋಡ್ಲಾ?” ಎಂದರು ಮಾವ. ನೋಡುವುದೆಂದರೆ ಅವರಿಗೆ ಮುಟ್ಟುವುದು. ಯಾಕಮ್ಮ ಅವರ ಬೆರಳನ್ನು ಗುಂಡಿಯ ಮೇಲಿಟ್ಟಳು. ಅವರು ಸುತ್ತಲೂ ಸವರಿದರು, ಮೆಲ್ಲಗೆ ಒತ್ತಿದರು, ಬಿಟ್ಟರು, ಮತ್ತೆ ಸವರಿದರು. “ಇದು ಒತ್ತಿದ್ರೆ ಕೆಳಗೆ ಹೋಗಿ ಚಿಮ್ಮಿ ಮೇಲೆ ಬರ್ಬೇಕು ತಾನೇ? ಹೋಗೋದು ಹೋಗುತ್ತೆ, ಬರೋಕೆ ಸೋಮಾರಿ. ಮತ್ತೆ ಈ ಕಡೆಗೆ ಓರೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ. ತಟ್ಟೆ ಮೇಲೂ ಇಲ್ಲೊಂದು ಗಂಟಿದೆ, ನೋಡು.”

ಅವಳ ಕಣ್ಣಿಗೆ ಕಲೆಯಂತೆ ಕಂಡಿದ್ದದ್ದು ಅವರ ಬೆರಳಿಗೆ ಗುಡ್ಡದಂತೆ ಸಿಕ್ಕಿತ್ತು. ಕರಕಲಾಗಿ ತಟ್ಟೆಗೆ ಅಂಟಿದ ಏನೋ ಒಂದು. ಪಾತ್ರೆ ಅದರ ಮೇಲೆ ಕೂತು ಒಂದು ಪಕ್ಕಕ್ಕೆ ವಾಲಿತ್ತು.

ಗುಂಡಿಯ ಗಂಟಲು ನೋಡಬೇಕೆಂದರೆ ಕೆಳಗಿನಿಂದ ಬಿಚ್ಚಲೇಬೇಕು. ಯಾಕಮ್ಮ ಮಿಷನ್ನಿನ ಸ್ಕ್ರೂಡ್ರೈವರ್ ತಂದು ಕುಕ್ಕರನ್ನು ಹಳೆಯ ಪರದೆ ಬಟ್ಟೆಯ ಮೇಲೆ ಬೋರಲು ಹಾಕಿದಳು. ಅಷ್ಟರಲ್ಲಿ ಪಾಳಿ ಮುಗಿಸಿದ ಗಂಡ ಒಳಗೆ ಬಂದ. ನೋಡಿದ ಕೂಡಲೇ ಬಾಗಿಲಲ್ಲೇ ನಿಂತ.

“ಏನಿದು? ಕರೆಂಟಿನ ಜೊತೆ ಸರಸ ಬೇಡ ಅಂತ ಎಷ್ಟು ಸಲ ಹೇಳೋದು?”

“ಪ್ಲಗ್ ಕಿತ್ತಿದ್ದೀನಿ ರೀ.”

“ಯಾರಾದ್ರೂ ಮರೆತು ಹಾಕಿಬಿಟ್ರೆ?”

ಮಾವ ಕೈ ಚಾಚಿದರು. “ಪ್ಲಗ್ ಇಲ್ಲಿ ಕೊಡಮ್ಮ.” ವೈರನ್ನು ಎಳೆದು ಪ್ಲಗ್ಗನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈ ಮುಚ್ಚಿ ಕೂತರು. “ಈಗ ಆಯ್ತಾ? ಇದು ನನ್ನ ಕೈಯಲ್ಲಿರೋ ತನಕ ಕರೆಂಟು ಹೇಗೆ ಬರುತ್ತೆ, ನನ್ನ ದಾಟಿಕೊಂಡು? ಯಾಕಮ್ಮ, ನೀನು ಧೈರ್ಯವಾಗಿ ಬಿಚ್ಚು.”

ಗಂಡನಿಗೆ ನಗು ಬಂತು. ಸಿಟ್ಟು ಮುಂದುವರಿಸಲು ಆಗದೆ ಚಹಾ ಮಾಡಿಕೊಳ್ಳಲು ಹೋದ.

ತಳದ ತಗಡು ಕಳಚಿಕೊಂಡಾಗ ಯಾಕಮ್ಮ ಸ್ವಲ್ಪ ಹೊತ್ತು ಕೈಯಾಡಿಸದೆ ಸುಮ್ಮನೆ ನೋಡಿದಳು. ಇಷ್ಟೇನಾ! ದಪ್ಪ ಬಟ್ಟೆಯಂಥ ಕವಚ ತೊಟ್ಟ ನಾಲ್ಕಾರು ವೈರುಗಳು, ಒಂದು ಉದ್ದನೆಯ ತಗಡಿನ ಸನ್ನೆಗೋಲು, ನಡುವೆ ಸ್ಪ್ರಿಂಗು ಸುತ್ತಿದ ಒಂದು ಬಟ್ಟಲು. ಹೊಲಿಗೆ ಮಿಷನ್ನಿಗಿಂತ ಎಷ್ಟೋ ಸರಳ. ಮುಂದಿನ ಸ್ವಿಚ್ಚನ್ನು ಬೆರಳಿನಿಂದ ಇಷ್ಟಿಷ್ಟೇ ಒತ್ತಿ ನೋಡಿದಳು. ಸನ್ನೆಗೋಲು ಓಲಾಡಿತು, ಬಟ್ಟಲೊಳಗಿನ ಆಯಸ್ಕಾಂತ ಮೇಲಕ್ಕೆ ಸರಿದು ‘ಚಟ್’ ಎಂದು ಕಚ್ಚಿಕೊಂಡಿತು. ಬಿಡಿಸಿದಳು, ಮತ್ತೆ ಒತ್ತಿದಳು. ಮತ್ತೆ ಕಚ್ಚಿಕೊಂಡಿತು. ಇಷ್ಟು ವರ್ಷ ಈ ಮನೆಯವರ ಹಸಿವನ್ನು ಕಾದದ್ದು ಇಷ್ಟು ಪುಟ್ಟ ಹಿಡಿತವೇ ಎಂದು ಅವಳಿಗೆ ವಿಸ್ಮಯವಾಯಿತು. ಅದನ್ನು ಮಾವನ ಬೆರಳಿಗೂ ತೋರಿಸಿದಳು. ಅವರು ಒಂದು ಕೈಯಲ್ಲಿ ಪ್ಲಗ್ ಹಿಡಿದೇ ಇನ್ನೊಂದು ಕೈಯಿಂದ ಮುಟ್ಟಿ, ‘ಹೌದಲ್ಲ, ಮೀನು ಗಾಳ ಕಚ್ಚಿದ ಹಾಗೆ’ ಎಂದರು.

ಬಟ್ಟಲಿನ ಸುತ್ತ, ಗುಂಡಿ ಮೇಲೆ ಕೆಳಗೆ ಆಡುವ ಸಂದಿನಲ್ಲಿ, ಒಣಗಿದ ಗಂಜಿ ಅರಗಿನಂತೆ ಗಟ್ಟಿಯಾಗಿ ಕೂತಿತ್ತು. ಅದರೊಳಗೆ ಕಪ್ಪು ಕಾಳುಗಳು. ಯಾಕಮ್ಮ ದಬ್ಬಣದ ಮೊಂಡು ತುದಿಯಿಂದ ಒಂದೊಂದನ್ನೂ ಎಬ್ಬಿಸಿದಳು. ಮಿಷನ್ನಿನ ಧೂಳು ಹೊಡೆಯುವ ಪುಟ್ಟ ಬ್ರಷ್ಷಿನಿಂದ ಉದುರಿಸಿದಳು. ಅಭ್ಯಾಸಬಲದಿಂದ ಕೈ ಮಿಷನ್ ಎಣ್ಣೆಯ ಡಬ್ಬಿಗೆ ಹೋದಾಗ ಮಾವ ವಾಸನೆಯಲ್ಲೇ ತಿಳಿದು ತಡೆದರು: “ಎಣ್ಣೆ ಬೇಡಮ್ಮ, ಕಾದ್ರೆ ಹೊಗೆ. ಊಟದ ಸಾಮಾನು.” ಕೊನೆಗೆ ಗುಂಡಿ ಒತ್ತಿದರೆ ಇಳಿದು, ಬಿಟ್ಟರೆ ಪುಟಿದು ಬರತೊಡಗಿತು.

ಅಂಗೈಯಲ್ಲಿ ಉಳಿದ ಕಪ್ಪು ಕಾಳುಗಳನ್ನು ನೋಡಿದಾಗ ಯಾಕಮ್ಮನಿಗೆ ತಿಳಿಯಿತು. ಅವು ಅಕ್ಕಿ. ಪಾತ್ರೆಗೆ ಸುರಿಯುವಾಗ ಅಂಚು ಕಾಣದೆ ಹೊರಗೆ, ಕುಕ್ಕರಿನ ತಟ್ಟೆಯ ಮೇಲೆ ಬಿದ್ದವು. ಕಾಣದ್ದರಿಂದ ಯಾರೂ ಒರೆಸದೆ ಉಳಿದವು. ದಿನಕ್ಕೊಂದು, ಎರಡು. ನಿನ್ನೆಯಷ್ಟೇ ‘ಹಾಗಾದ್ರೆ ನಾನಲ್ಲ?’ ಎಂದು ನೆಟ್ಟಗಾದ ಮನುಷ್ಯನಿಗೆ ಇದನ್ನು ಹೇಗೆ ಹೇಳುವುದು?

“ಏನು ಸಿಕ್ತಮ್ಮ?”

“ಏನೋ ಕಸ ಮಾವ. ಧೂಳು...”

“ತಾ ಇಲ್ಲಿ.” ಅವರು ಅವಳ ಅಂಗೈಯನ್ನು ಮೂಗಿನ ಹತ್ತಿರ ಎಳೆದುಕೊಂಡರು. “ಸೀದ ಅಕ್ಕಿ ವಾಸನೆ ನನಗೆ ಗೊತ್ತಾಗಲ್ವೇನೇ? ಇದು ನಾನೇ ಚೆಲ್ಲಿದ್ದು.”

ಯಾಕಮ್ಮ ಅಂಗೈಯನ್ನು ಹಿಂದಕ್ಕೆಳೆದುಕೊಳ್ಳಲು ನೋಡಿದಳು.

ಆದರೆ ಮಾವ ಕುಗ್ಗಲಿಲ್ಲ. ಕಾಳುಗಳನ್ನು ಬೆರಳಲ್ಲಿ ಪುಡಿ ಮಾಡುತ್ತ, ಏನೋ ದೊಡ್ಡ ಲೆಕ್ಕ ಬಗೆಹರಿದವರಂತೆ ತಲೆಯಾಡಿಸಿದರು. “ಚೆಲ್ಲೋದು ಬೇರೆ, ಮರೆಯೋದು ಬೇರೆ ಕಣಮ್ಮ. ಕಣ್ಣಿದ್ದವರೂ ಚೆಲ್ತಾರೆ. ಅಳತೆ ಮರೀತು ಅಂದ್ಕೊಂಡಿದ್ದೆ ನೋಡು, ಅದು... ಅದು ಬೇರೆ ಥರ ಇತ್ತು. ಇದಕ್ಕೇನು, ಒರೆಸಿದ್ರಾಯ್ತು. ನೀನು ಧೂಳು ಗೀಳು ಅಂತ ಸುಳ್ಳು ಯಾಕೆ ಹೇಳ್ದೆ?”

ಮೊದಲ ಸಲ ಯಾಕಮ್ಮನಿಗೇ ಯಾರೋ ‘ಯಾಕೆ’ ಕೇಳಿದ್ದರು. ಅವಳು ನಕ್ಕುಬಿಟ್ಟಳು.

ತಟ್ಟೆಯ ಮೇಲಿನ ಗಂಟನ್ನು ನಯವಾದ ಮರಳು ಕಾಗದದಿಂದ ಉಜ್ಜಿ, ಒಣಬಟ್ಟೆಯಿಂದ ಸುಣ್ಣ ಒರೆಸಿ, ತಗಡು ಮುಚ್ಚಿ ಸ್ಕ್ರೂ ಬಿಗಿದಳು. ಎಲ್ಲ ಮುಗಿಯಿತೆಂದು ಪರದೆ ಬಟ್ಟೆ ಕೊಡವಿದರೆ ಟಣ್ ಎಂದು ಒಂದು ಸ್ಕ್ರೂ ನೆಲಕ್ಕೆ ಬಿತ್ತು. ಚಹಾ ಹೀರುತ್ತಿದ್ದ ಗಂಡ ಲೋಟದ ಮೇಲಿನಿಂದ ನೋಡಿದ.

“ಕಂಪನಿಯವರು ಒಂದು ಹೆಚ್ಚಿಗೆ ಹಾಕಿದ್ರೇನೋ” ಎಂದ.

“ಪ್ಲಗ್ ಕೊಡಿ ಮಾವ, ಒಮ್ಮೆ ಹಾಕಿ ನೋಡೋಣ.”

“ಕೊಡಲ್ಲ” ಎಂದರು ಮಾವ, ಮಡಿಲನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡು. “ಅದರ ಮನೆ ಎಲ್ಲಿ ಅಂತ ಹುಡುಕಿ, ಅಲ್ಲಿ ಕೂರಿಸಿ, ಆಮೇಲೆ ಕೇಳು.”

ಮತ್ತೆ ಬಿಚ್ಚಿದಳು. ಹಸಿರು ಬಣ್ಣದ ವೈರೊಂದು ಎಲ್ಲಿಗೂ ಸೇರದೆ ಜೋಲುತ್ತಿತ್ತು. ತಗಡು ಎತ್ತುವಾಗ ಅಡ್ಡ ಬಂತೆಂದು ತಾನೇ ಸಡಿಲಿಸಿದ್ದಳು. ಈಗ ಗಂಡನೇ ಲೋಟ ಕೆಳಗಿಟ್ಟು ಬಂದು ಬಗ್ಗಿ ನೋಡಿದ. “ಅದು ಅರ್ಥಿಂಗ್ ವೈರು. ಮೈಗೆ ಶಾಕ್ ಹೊಡೀದ ಹಾಗೆ ನೋಡ್ಕೊಳ್ಳೋದು ಅದೇ. ಬಸ್ಸಲ್ಲೂ ತಗಡಿನ ಮೈಗೆ ಹೀಗೇ ಒಂದು ವೈರು ಬಿಗಿದಿರ್ತಾರೆ... ಅದು ಬೇರೆ ಕಾರಣಕ್ಕೆ ಅಂತಾರೆ. ಇಲ್ಲಿ ಹಾಕು ಸ್ಕ್ರೂನ.” ಅವನೇ ಟಾರ್ಚು ಹಿಡಿದ. ಯಾಕಮ್ಮ ಚೆನ್ನಾಗಿ ಬಿಗಿದು, ಎಳೆದು ನೋಡಿ, ತಗಡು ಮುಚ್ಚಿದಳು. ಆಗ ಮಾವ ಪ್ಲಗ್ ಕೊಟ್ಟರು.

ಮೊದಲು ಬರೀ ನೀರು. ಮೂವರೂ ಸುತ್ತ ನಿಂತರು. ಈ ಸಲ ನೀರು ನಡುವಿನಿಂದ, ಸುತ್ತಲಿನಿಂದ, ಎಲ್ಲ ಕಡೆಯಿಂದ ಮಳ್ಳಿತು. ಉಕ್ಕಿತು, ಕುಣಿಯಿತು, ಕಿಟಕಿಯ ಗಾಜಿಗೆಲ್ಲ ಆವಿ ಹಿಡಿಯಿತು. ಸ್ವಿಚ್ಚು ಮಿಸುಕಲಿಲ್ಲ. ಗಂಡ, ‘ಬೀಳಲ್ವಾ?’ ಎಂದ. ಯಾಕಮ್ಮ, ‘ನೀರಿದೆಯಲ್ಲ’ ಎಂದಳು. ನೀರಿರುವ ತನಕ ಬಿಸಿ ಏರದ ಕಥೆಯನ್ನು ಮಾವ ಹೇಳಿದರು; ಅವನಿಗೆ ಪೂರ್ತಿ ಅರ್ಥವಾಗದೆ ಮತ್ತೊಂದು ಲೋಟ ಚಹಾ ಬಗ್ಗಿಸಿಕೊಂಡ.

ಮರುದಿನ ಮಧ್ಯಾಹ್ನಕ್ಕೆ ನಾದಿನಿಯನ್ನೂ ಊಟಕ್ಕೆ ಕರೆದರು. ಮಾವ ಅಕ್ಕಿ ತೊಳೆದರು. ಪಾತ್ರೆಯನ್ನು ಇಡುವ ಮೊದಲು ಅಂಗೈಯಿಂದ ಅದರ ತಳವನ್ನು ಒರೆಸಿದರು. ಬೆರಳನ್ನು ತಟ್ಟೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿದರು. ಗುಂಡಿಯನ್ನು ಒಮ್ಮೆ ಒತ್ತಿ, ಪುಟಿದದ್ದನ್ನು ಬೆರಳಲ್ಲೇ ತಿಳಿದು ಹೂಂಗುಟ್ಟಿದರು. ಬೇಕರಿಯ ದಿನಗಳಲ್ಲಿ ಒಲೆಗೆ ಟ್ರೇ ತಳ್ಳುವ ಮೊದಲು ಹೀಗೇ ಮಾಡುತ್ತಿದ್ದರೋ ಏನೋ, ಕೈಗೆ ಹೊಸದೆನಿಸಲಿಲ್ಲ. ಗುಸುಗುಸು, ಕೊತಕೊತ, ಕುಣಿತ. ನಾದಿನಿ ಏನೋ ಹೇಳಲು ಬಾಯಿ ತೆರೆದಳು.

“ಶ್! ಸ್ವಲ್ಪ ಸುಮ್ಮನಿರೇ” ಎಂದರು ಮಾವ.

ಟಕ್.

ಅನ್ನ ಹೂವಿನಂತೆ ಅರಳಿತ್ತು. ನಾದಿನಿ ಒಂದು ತುತ್ತು ತಿಂದು, ಅಪ್ಪನ ಮುಖ ನೋಡಿ, ಆಮೇಲೆ ಕಪಾಟಿನ ಮೇಲೆ ಕೂತಿದ್ದ ಕಪ್ಪು ಗಾಜಿನ ಕುಕ್ಕರ್ ನೋಡಿದಳು. ಮೊದಲು ಮೂತಿ ಊದಿಸಿಕೊಂಡಳು. ಆಮೇಲೆ ತಾನೇ ಶುರು ಮಾಡಿದಳು: “ನನಗೇ ಬೇಕಾಗಿತ್ತು ಬಿಡಿ ಅದು. ನನ್ನ ಮನೆಯವರಿಗೆ ಕೇಕು ಅಂದ್ರೆ ಪ್ರಾಣ. ಅತ್ತಿಗೆ, ಹಾಗಂತ ಅದನ್ನ ಬಿಚ್ಚೋಕೆ ಮಾತ್ರ ಬರಬೇಡ ನಮ್ಮನೆಗೆ.”

“ಬಿಚ್ಚಲ್ಲ. ಆದ್ರೆ ಅದಕ್ಕೆ ಒತ್ತೋ ಗುಂಡಿ ಇಲ್ಲ, ಸ್ಪ್ರಿಂಗಿಲ್ಲ, ಟಕ್ ಇಲ್ಲ. ನೀರು ಮುಗಿದದ್ದು ಹೇಗೆ ಗೊತ್ತಾಗುತ್ತೆ?” ಎಂದಳು ಯಾಕಮ್ಮ.

“ಅಪ್ಪಾ, ನೋಡು ಇವಳನ್ನ!”

ಗಂಡ ಮಾತ್ರ ತಟ್ಟೆಯಲ್ಲಿ ಕೈಯಿಟ್ಟುಕೊಂಡು ಎತ್ತಲೋ ನೋಡುತ್ತ ಕೂತಿದ್ದ. ಅನ್ನ ಆರುತ್ತಿತ್ತು.

“ಏನ್ರೀ, ರುಚಿ ಇಲ್ವಾ?”

“ಅಲ್ಲ...” ಎಂದ ಅವನು ತಡೆದು ತಡೆದು. “ನೀರಿರೋ ತನಕ ಬಿಸಿ ಕುದಿಯೋದಕ್ಕಿಂತ ಮೇಲೆ ಏರಲ್ಲ ಅಂದ್ರಿ. ನಮ್ಮ ಬಸ್ಸಿನ ರೇಡಿಯೇಟರಲ್ಲೂ ನೀರೇ ಇರೋದು. ಆದ್ರೆ ಮೀಟರಿನ ಮುಳ್ಳು ಎಷ್ಟೋ ಸಲ ಕುದಿಯೋ ಗೆರೆ ದಾಟಿ ಹೋಗುತ್ತೆ, ನೀರು ಕುದಿಯಲ್ಲ. ಬಿಸಿ ಇರುವಾಗ ಮುಚ್ಚಳ ತೆಗೆದ್ರೆ ಮಾತ್ರ ಭುಸ್ಸಂತ ಮುಖಕ್ಕೇ ಹಾರುತ್ತೆ. ಮುಚ್ಚಳಕ್ಕೂ ಒಂದು ಬಿಗಿಯಾದ ಸ್ಪ್ರಿಂಗ್ ಇಟ್ಟಿದ್ದಾರೆ... ಅದು ಯಾಕೆ?”

ಊಟದ ಮನೆಯಲ್ಲಿ ಎಲ್ಲರ ಕೈಯೂ ನಿಂತಿತು. ಇಷ್ಟು ವರ್ಷದ ಸಂಸಾರದಲ್ಲಿ ಆ ಮನುಷ್ಯ ‘ಯಾಕೆ’ ಎಂದದ್ದನ್ನು ಯಾಕಮ್ಮ ಕೇಳಿರಲಿಲ್ಲ. ಅವಳು ಮಾವನ ಕಡೆ ನೋಡಿದಳು. ಮಾವ ಕಣ್ಣು ಮುಚ್ಚಿ ಯೋಚಿಸಿ ತಲೆಯಾಡಿಸಿದರು: ಬೇಕರಿಯಲ್ಲಿ ಅಂಥದ್ದು ಇರಲಿಲ್ಲ.

“ನನಗೂ ಗೊತ್ತಿಲ್ಲ” ಎಂದಳು ಯಾಕಮ್ಮ, ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಳ್ಳುತ್ತ. “ಮುಚ್ಚಳ ಬಿಗಿಯಾಗಿದ್ದಷ್ಟು ಹೊತ್ತು ಕುದಿಯಲ್ಲ ಅಂದ್ರಾ? ಆ ಸ್ಪ್ರಿಂಗು ಎಷ್ಟು ದಪ್ಪ? ಮೇಲಕ್ಕೆ ಒತ್ತುತ್ತೋ ಕೆಳಕ್ಕೆ ಒತ್ತುತ್ತೋ?”

ಅವನು ಎಡಗೈಯಿಂದ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದು, ತಿರುಗಿಸಿ ಮುಚ್ಚಿ ತೋರಿಸತೊಡಗಿದ.